ಕುಕ್ಕಪ್ಪನ ರೈಲ್ವೇ ಕೆಂಪು

ರೈಲಿಲ್ಲದ ಊರಿನಲ್ಲಿ ರೈಲಿನ ವಿಷಯವಾಗಿ ಅಧಿಕಾರದಿಂದ ಮಾತಾಡಲು ಹೆಚ್ಚಿನ ವಿದ್ಯೆ ಬೇಡ. ರೈಲನ್ನು ಒಮ್ಮೆ ಕಂಡಿದ್ದರೆ ಸಾಕು. ಇಚಿಲಂಪಾಡಿಯ ಒಂದು ಮೂಲೆಯಲ್ಲಿ, ಮೂರೇ ಮನೆಗಳಿದ್ದ ಆ ಬೈಲಿನಲ್ಲಿ, ಕುಕ್ಕಪ್ಪ ಒಬ್ಬ ಅದನ್ನು ಕಂಡಿದ್ದ.

ಕಂಡದ್ದು ಮದುವೆಗೆ ಮುಂಚೆ. ಸೋದರಮಾವನ ಕಣ್ಣಿನ ಪೊರೆ ತೆಗೆಸಲು ಜೊತೆಗೆ ಮಂಗಳೂರಿಗೆ ಹೋದವನು, ಮಾವನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕುಳ್ಳಿರಿಸಿ, "ಈಗ ಬಂದೆ" ಎಂದು ಹೇಳಿ, ನೇರ ರೈಲ್ವೇ ಸ್ಟೇಷನ್ನಿಗೆ ಹೋಗಿ ಸಂಜೆಯವರೆಗೆ ಅಲ್ಲಿಯೇ ನಿಂತುಬಿಟ್ಟ. ಮಾವ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಗೋಡೆ ತಡವುತ್ತ, ಯಾರ್ಯಾರದೋ ಕೈ ಹಿಡಿದು ಊರು ಸೇರಿದ. ಆ ಮೇಲೆ ಅವನಿಗೆ ದೂರದ ಗುಡ್ಡೆಯ ಮೇಲಿನ ದನವೂ ಚೆನ್ನಾಗಿ ಕಾಣುತ್ತಿತ್ತು. ಕುಕ್ಕಪ್ಪ ಮಾತ್ರ ಎದುರು ಬಂದರೂ ಕಾಣುತ್ತಿರಲಿಲ್ಲ.

ಕುಕ್ಕಪ್ಪ ರೈಲು ಹತ್ತಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬರುವಾಗ ಹಳೆ ಬಟ್ಟೆಯ ರಾಶಿಯಿಂದ ಹಿತ್ತಾಳೆ ಗುಂಡಿಯ ಒಂದು ಕಪ್ಪು ಕೋಟನ್ನು ಆರಿಸಿ ತಂದಿದ್ದ. ಯಾವನೋ ಗಾರ್ಡು ಹಾಕಿ ಸವೆಸಿ ಬಿಟ್ಟದ್ದು. "ರೈಲ್ವೇಯ ದೊಡ್ಡವರೊಬ್ಬರು ಕೊಟ್ಟದ್ದು" ಎಂದು ಊರಿಗೆ ಹೇಳಿದ. ಅಲ್ಲಿಯವರೆಗೆ ಅವನು ಹೇಳಿದ ದೊಡ್ಡ ಸುಳ್ಳು ಎಂದರೆ ಇದೊಂದೇ. ಉಳಿದದ್ದನ್ನೆಲ್ಲ ಊರಿನವರೇ ಹೇಳಿಕೊಂಡರು.

ಊರಿಗೆ ಬಂದವನು ರೈಲು ಕಟ್ಟಲು ಕುಳಿತ. ಪಾಲೆಮರದ ಹಲಗೆ ಮೆದು. ಪೀಶಕತ್ತಿಯಿಂದ ಕೆತ್ತಿದರೆ ಬೋಗಿಯ ಗೋಡೆಯಾಗುತ್ತದೆ. ಮುರಿದ ಕೊಡೆಯ ಕಡ್ಡಿ ಅಚ್ಚಾಯಿತು. ಬಿಸ್ಕತ್ತಿನ ಡಬ್ಬಿಯ ತಗಡು ಛಾವಣಿಯಾಯಿತು. ಕಡಬ ಪೇಟೆಯ ದರ್ಜಿಯಿಂದ ನೂಲು ಮುಗಿದ ಮರದ ರೀಲುಗಳನ್ನು ಬೇಡಿ ತಂದು ಎರಡೂ ತುದಿ ಕೊಯ್ದರೆ, ಹಳಿ ಬಿಟ್ಟು ಜಾರದ ಹಾಗೆ ಅಂಚು ಇರುವ ಚಕ್ರ ತಯಾರು. ಬಿದಿರಿನ ಸೀಳಿನ ಹಳಿಯ ಮೇಲೆ ಎರಡು ಪ್ರಯಾಣಿಕರ ಬೋಗಿ, ಬಾಗಿಲು ಸರಿಯುವ ಒಂದು ಗೂಡ್ಸ್ ಡಬ್ಬಿ, ಕೊನೆಯಲ್ಲಿ ಗಾರ್ಡಿನ ಪುಟ್ಟ ಕೋಣೆ. ಜಗಲಿಯ ಈ ತುದಿಯಿಂದ ದೂಡಿದರೆ ಆ ತುದಿಗೆ ಹೋಗಿ, ಸೇವಂತಿ ಒಣಗಲು ಹಾಕಿದ ಹಪ್ಪಳಕ್ಕೆ ತಾಗಿ ನಿಲ್ಲುತ್ತಿತ್ತು.

ಕಟ್ಟುವುದು ಕಷ್ಟವಾಗಲಿಲ್ಲ. ಕಷ್ಟ ಇದ್ದದ್ದು ಬಣ್ಣದಲ್ಲಿ. ಅವನು ಕಂಡ ರೈಲು ಕೆಂಪು. ಆದರೆ ಆ ಕೆಂಪು ಯಾವುದು? ಹಲಸಿನ ಮರದ ತಿರುಳಿಗೆ ಸ್ವಲ್ಪ ಹೊಗೆ ಹಿಡಿದರೆ ಬರುವ ಕೆಂಪೇ, ಮುರಕಲ್ಲು ನೆನೆದಾಗಿನ ಕೆಂಪೇ, ಅಥವಾ ಎಲೆಯಡಕೆ ಚೆನ್ನಾಗಿ ಜಗಿದ ಮೇಲಿನ ಕೆಂಪೇ? ಪುತ್ತೂರಿನಲ್ಲಿ ಬಸ್ಸುಗಳಿಗೆ ಬಣ್ಣ ಬಳಿಯುವ ಸಾಹುಲ್ ಹಮೀದ್ ಡಬ್ಬಿಯ ತಳದಲ್ಲಿ ಉಳಿದದ್ದನ್ನು ಕೊಡುತ್ತಿದ್ದ. ಅದನ್ನು ತಂದು, ಬೆರೆಸಿ, ಬಳಿದು, ನೋಡಿ, ತಲೆಯಾಡಿಸಿ, ಮತ್ತೆ ಬಳಿಯುತ್ತಿದ್ದ. ಬಳಿದು ಬಳಿದು ಬೋಗಿಯ ಕಿಟಕಿಗಳು ಸಣ್ಣವಾಗುತ್ತ ಬಂದಿದ್ದವು.

"ಅದರ ಒಳಗೆ ಜನ ಇದ್ದಿದ್ರೆ ಇಷ್ಟೊತ್ತಿಗೆ ಉಸಿರು ಕಟ್ಟಿ ಸಾಯ್ತಿದ್ರು" ಎನ್ನುತ್ತಿದ್ದಳು ಹೆಂಡತಿ ಸೇವಂತಿ.

ಅವಳ ಮನಸ್ಸೆಲ್ಲ ಇದ್ದದ್ದು ಮನೆಯ ಕೆಳಗಿನ ಗದ್ದೆಯಲ್ಲಿ. ಭತ್ತ ಕೊಯ್ದ ಮೇಲೆ ಅಲ್ಲಿ ಸೌತೆ ಹಾಕುತ್ತಿದ್ದಳು. ಬಲಿತ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಅಡ್ಡಕ್ಕೆ ತೂಗಹಾಕಿದರೆ ಇಡೀ ಮಳೆಗಾಲಕ್ಕೆ ಸಾಂಬಾರಿನ ಚಿಂತೆಯಿಲ್ಲ. ಆ ಗದ್ದೆಗೆ ನೀರು ಬರುತ್ತಿದ್ದದ್ದು ಹೊಳೆಯ ಕಟ್ಟದಿಂದ, ನೆರೆಮನೆಯ ದುಗ್ಗಮ್ಮನ ಜಾಗದ ನಡುವೆ ತೋಡಿದ ಕಣಿಯಲ್ಲಿ. ದುಗ್ಗಮ್ಮ ನೀರು ಬಿಟ್ಟರೆ ಸೌತೆ. ಬಿಡದಿದ್ದರೆ ಮಳೆಗಾಲವಿಡೀ ಹುರುಳಿ.

ಆ ವರ್ಷ ಹಾಸನದಿಂದ ಮಂಗಳೂರಿಗೆ ರೈಲು ಬರುತ್ತದೆಂಬ ಸುದ್ದಿ ಬಲವಾಯಿತು. ಮೂರು ಕಾಲಿನ ದುರ್ಬೀನು ಹಿಡಿದವರು ಕಡಬದ ಆಚೆ ಓಡಾಡಿದರೆಂದು ಬಸ್ಸಿನಲ್ಲಿ ಬಂದವರು ಹೇಳಿದರು. ಅವರು ಮರಕ್ಕೆ, ಕಲ್ಲಿಗೆ ಬಿಳಿ ಬಳಿದು ಮೇಲೆ ಕೆಂಪು ಗೆರೆ ಎಳೆಯುತ್ತಾರಂತೆ. ಎಳೆದ ಮೇಲೆ ಅದನ್ನು ಅಳಿಸಲು ಕಲೆಕ್ಟರಿಗೂ ಆಗುವುದಿಲ್ಲವಂತೆ.

ಇದೇ ಸಮಯಕ್ಕೆ ಕುಕ್ಕಪ್ಪನಿಗೆ ಒಂದು ಜ್ಞಾನೋದಯವಾಯಿತು. ಜಗಲಿಯ ನೆರಳಿನಲ್ಲಿ ಸರಿಯಾಗಿ ಕಂಡ ಕೆಂಪು ಬಿಸಿಲಿನಲ್ಲಿ ಬೇರೆಯಾಗುತ್ತದೆ. ತಾನು ಸ್ಟೇಷನ್ನಿನಲ್ಲಿ ಕಂಡದ್ದು ಬಿಸಿಲಿನ ಕೆಂಪು. ಹಾಗಾದರೆ ಪರೀಕ್ಷೆಯನ್ನು ಬಿಸಿಲಿನಲ್ಲೇ ಮಾಡಬೇಕು. ಬಣ್ಣ ಸ್ಪಷ್ಟವಾಗಿ ಕಾಣಲು ಅಡಿಯಲ್ಲಿ ಸುಣ್ಣ ಬೇಕು. ದಿನಕ್ಕೆ ನಾಲ್ಕಾರು ಸಲ ನೋಡಲು ಸಿಗುವ ಜಾಗವೂ ಆಗಬೇಕು. ಅವನು ದಿನವೂ ನಡೆಯುತ್ತಿದ್ದದ್ದು ಕಣಿಯ ಬದಿಯ ದಾರಿಯಲ್ಲಿ. ಹೊಳೆಯವರೆಗೆ ಅದು ನೆಟ್ಟಗೆ ಹೋಗುತ್ತದೆ.

ಕೋಟು ಹಾಕಿಕೊಂಡು ಹೋದ. ಅಂಗಿಗೆ ಬಣ್ಣ ತಾಗಿದರೆ ಸೇವಂತಿ ಬೈಯುತ್ತಾಳೆ ಎಂಬುದಷ್ಟೇ ಕಾರಣ.

ಮಾರನೆಯ ದಿನ ಬೆಳಿಗ್ಗೆ ದುಗ್ಗಮ್ಮನ ಸ್ವರ ಅವಳಿಗಿಂತ ಮೊದಲೇ ಅಂಗಳಕ್ಕೆ ಬಂತು. ಗಂಡ ತೀರಿದ ಮೇಲೆ ಬೇಸಾಯ, ಕೋರ್ಟು, ನಾಲ್ಕು ಎಮ್ಮೆ ಎಲ್ಲವನ್ನೂ ಒಬ್ಬಳೇ ಆಳಿದ ಹೆಂಗಸು.

"ಕುಕ್ಕಪ್ಪಾ! ಹೊರಗೆ ಬಾ!"

"ಎಂತ ದುಗ್ಗಮ್ಮಕ್ಕ?"

"ನನ್ನ ಬಟ್ಟೆ ಒಗೆಯುವ ಕಲ್ಲಿನಲ್ಲಿ ಎಂತ ಅದು?"

"ಅದಾ? ಬಣ್ಣ."

"ಬಣ್ಣ ಅಂತ ನನಗೂ ಕಾಣ್ತದೆ. ಎಂತದರ ಬಣ್ಣ?"

ಇಲ್ಲಿ ಕುಕ್ಕಪ್ಪ ಹತ್ತು ಬಗೆಯ ಉತ್ತರ ಕೊಡಬಹುದಿತ್ತು. ಆದರೆ ಬಣ್ಣದ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ.

"ರೈಲಿಂದು" ಎಂದ.

ದುಗ್ಗಮ್ಮ ಅಂಗಳದ ಕಂಬ ಹಿಡಿದುಕೊಂಡಳು. "ಒಗೆಯುವ ಕಲ್ಲಿನಿಂದ ತೆಂಗಿನ ಮರ, ತೆಂಗಿನ ಮರದಿಂದ ನನ್ನ ಹಟ್ಟಿಯ ಮೂಲೆ, ಅಲ್ಲಿಂದ ನಿನ್ನ ಬೇಲಿ. ಹಗ್ಗ ಎಳೆದ ಹಾಗೆ ನೆಟ್ಟಗೆ ಉಂಟು. ಅಂದ್ರೆ ರೈಲು ನನ್ನ ಹಟ್ಟಿಯ ಒಳಗೆ ಹೋಗುದಾ?"

"ಅಯ್ಯೋ ಅಕ್ಕ, ಇದು ನಮ್ಮ ಸಣ್ಣ ರೈಲು..."

"ಸಣ್ಣದಾದ್ರೆ ಎಂತ, ಎಮ್ಮೆ ಬೆದರುದಿಲ್ವಾ? ಬೆದರಿದ ಎಮ್ಮೆ ಹಾಲು ಕೊಡ್ತದಾ? ನೋಡು, ನಿನ್ನ ಮದುವೆಗೆ ನಾಲ್ಕು ದಿನ ಅಡಿಗೆಮನೆಯಲ್ಲಿ ಕೂತವಳು ನಾನು. ನನ್ನ ಹಟ್ಟಿಗೇ ರೈಲು ತಂದೆಯಲ್ಲ ಮಾರಾಯ! ಅದನ್ನು ತೆಗೆದ ದಿನ ನೀರು ಬಿಡ್ತೇನೆ. ಅಲ್ಲಿವರೆಗೆ ಕಣಿ ಬಂದ್."

ಹೇಳಿದವಳು ಹೋಗಿ, ಕಣಿಯ ಬಾಯಿಗೆ ಮಣ್ಣು ತುಂಬಿಸಿ, ಮೇಲೆ ಒಂದು ಕಲ್ಲು ಇಡಿಸಿ, ಅದರ ಮೇಲೆ ಸ್ವತಃ ಕುಳಿತಳು. ಮಧ್ಯಾಹ್ನದ ಗಂಜಿಯೂ ಅಲ್ಲಿಗೇ ಬಂತು.

ಸುದ್ದಿ ಎದುರು ಗುಡ್ಡೆಯ ಚನಿಯಪ್ಪನಿಗೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಈ ಚನಿಯಪ್ಪ ಸಾಧಾರಣವಾಗಿ "ಏ ಕುಕ್ಕ" ಎಂದು ಕರೆಯುವವನು. ಅವತ್ತು ಕದಳಿ ಗೊನೆಯೊಂದನ್ನು ಹೊತ್ತು ಬಂದು, ಚಪ್ಪಲಿಯನ್ನು ಅಂಗಳದ ಹೊರಗೇ ಬಿಟ್ಟ.

"ಕುಕ್ಕಪ್ಪಣ್ಣ ಇದ್ದಾರಾ?"

ಕುಕ್ಕಪ್ಪ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಬಂದಿದ್ದಾರೋ ಎಂದು.

"ಅಲ್ಲ ಕುಕ್ಕಪ್ಪಣ್ಣ, ಆ ಹೆಂಗಸಿಗೆ ರೈಲು ಬೇಡದಿದ್ರೆ ಬಿಡಿ. ನನ್ನ ಬೋಳುಗುಡ್ಡೆ ಸುಮ್ನೆ ಬಿದ್ದುಕೊಂಡುಂಟು. ಅಲ್ಲಿಗೆ ತಿರುಗಿಸಿ. ಗುಡ್ಡೆ ಪೂರಾ ತೆಗೊಳ್ಳಲಿ, ತಲೆಯಲ್ಲಿ ಒಂದು ಸ್ಟೇಷನ್ ಮಾಡ್ಲಿ, ಬದಿಯಲ್ಲಿ ನನ್ನದೊಂದು ಹೋಟ್ಲು. ಇಳಿದವರಿಗೆ ಚಾ ಬೇಡ್ವಾ?"

"ಚನಿಯಪ್ಪಾ, ಗುಡ್ಡೆಯ ತಲೆಗೆ ರೈಲು ಹತ್ತುದು ಹೇಗೆ?"

"ಅದು ನಿಮಗೆ ಗೊತ್ತು, ನಿಮ್ಮವರಿಗೆ ಗೊತ್ತು. ನಾನು ಚಾದ ವಿಷಯ ಮಾತ್ರ ಹೇಳಿದ್ದು."

ಸೌತೆಯ ಬಳ್ಳಿಗಳು ಬಾಡತೊಡಗಿದವು. ಸೇವಂತಿ ಬಾವಿಯಿಂದ ಕೊಡ ಕೊಡವಾಗಿ ಹೊತ್ತು ಹೊಯ್ದಳು. ಗದ್ದೆ ಅದನ್ನು ಕುಡಿದದ್ದೂ ಗೊತ್ತಾಗಲಿಲ್ಲ. "ಹೋಗಿ, ನಿಮ್ಮ ಆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಕಣ್ಣಾರೆ ಕಂಡರೆ ನಂಬಿಯಾರು" ಎಂದಳು.

ಮಾತು ಸರಿಯೇ ಇತ್ತು. ಕುಕ್ಕಪ್ಪ ಬೋಗಿಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕಣಿಯ ಬಾಯಿಗೆ ಹೋದ. ಅಲ್ಲಿ ದುಗ್ಗಮ್ಮನ ಜೊತೆ ಶ್ಯಾನುಭೋಗ ಉದಯಶಂಕರರಾಯರೂ ಇದ್ದರು. ಊರಿನ ಭೂಮಿಯ ಲೆಕ್ಕವೆಲ್ಲ ನೋಡುವವರು ಅವರೇ ಆದ್ದರಿಂದ ದುಗ್ಗಮ್ಮ ಕರೆಸಿದ್ದಳು.

"ನೋಡಿ ಅಕ್ಕ. ಇಷ್ಟೇ ರೈಲು. ಇದಕ್ಕೆ ಬಳಿಯಲಿಕ್ಕೆ ಬಣ್ಣ ನೋಡಿದ್ದು. ಬೇರೆ ಎಂತ ಇಲ್ಲ."

ದುಗ್ಗಮ್ಮ ಬೋಗಿಯನ್ನು ಕೈಗೆ ತೆಗೆದುಕೊಂಡು, ಒಗೆಯುವ ಕಲ್ಲಿನ ಗುರುತಿನ ಬಳಿ ಹಿಡಿದಳು. ಎರಡೂ ಕೆಂಪು ಒಂದೇ. ಅವಳ ಮುಖ ಇನ್ನೂ ಬಿಗಿಯಾಯಿತು.

"ಕಂಡಿರಾ ರಾಯರೆ? ಸ್ಯಾಂಪಲ್ ಕೂಡ ಕಳಿಸಿದ್ದಾರೆ!"

ರಾಯರು ಸಂದಿಗ್ಧದಲ್ಲಿದ್ದರು. ರೈಲಿನ ಬಗ್ಗೆ ಅವರಿಗೆ ತಾಲೂಕು ಕಚೇರಿಯಿಂದ ಒಂದು ಅಕ್ಷರವೂ ಬಂದಿರಲಿಲ್ಲ. ಆದರೆ ತನ್ನ ಗ್ರಾಮದಲ್ಲಿ ರೈಲು ಬರುವುದು ತನಗೇ ಗೊತ್ತಿಲ್ಲ ಎಂದು ಹೇಳುವ ಶ್ಯಾನುಭೋಗ ಇನ್ನೂ ಹುಟ್ಟಿಲ್ಲ. ಅವರು ಗುರುತನ್ನು ಬೆರಳಿನಿಂದ ಮುಟ್ಟಿದರು, ಮೂಸಿದರು.

"ಬಣ್ಣ ಸರಕಾರದ್ದೇ" ಎಂದರು. "ಉಂಟು ಅಂತ ನಾನು ಹೇಳುವ ಹಾಗಿಲ್ಲ. ಇಲ್ಲ ಅಂತ ಹೇಳುವ ಹಾಗೂ ಇಲ್ಲ. ಮೇಲಿನ ವಿಷಯ."

"ಕೇಳಿದೆಯಾ?" ಎಂದಳು ದುಗ್ಗಮ್ಮ.

ರಾಯರು ಕುಕ್ಕಪ್ಪನನ್ನು ಬದಿಗೆ ಕರೆದು ಸಣ್ಣ ಸ್ವರದಲ್ಲಿ, "ನನಗೊಂದು ಮಾತು ಮೊದಲೇ ತಿಳಿಸಬಹುದಿತ್ತು" ಎಂದರು.

"ತಿಳಿಸ್ಲಿಕ್ಕೆ ಎಂತ ಉಂಟು ರಾಯರೆ? ಇದು ನಾನು ಸುಮ್ನೆ ಸಂತೋಷಕ್ಕೆ ಮಾಡುದು."

ರಾಯರು ಅವನ ಕೋಟಿನ ಹಿತ್ತಾಳೆ ಗುಂಡಿಯನ್ನು ನೋಡಿ ಒಂದು ಕಣ್ಣು ಮುಚ್ಚಿ ತೆರೆದರು. "ಹಾಗೆಯೇ ಹೇಳಬೇಕು. ಯಾರು ಕೇಳಿದರೂ ಹಾಗೆಯೇ ಹೇಳಿ."

ಅಂದು ಸಂಜೆ ಕುಕ್ಕಪ್ಪ ತೆಂಗಿನ ಸಿಪ್ಪೆ ಮತ್ತು ಹೊಳೆಯ ಹೊಯಿಗೆ ಹಿಡಿದು ಗುರುತುಗಳನ್ನೆಲ್ಲ ತಿಕ್ಕಿ ತೆಗೆದ. ಬೆವರು ಒರೆಸಿಕೊಂಡು, "ಹೋಯ್ತು ಅಕ್ಕ, ನೀರು ಬಿಡಿ" ಎಂದ.

"ಹೋಯ್ತು ಅಂದ್ರೆ ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಇಲ್ಲ. ಅಳಿಸಿದೆ."

"ಇಷ್ಟು ದೊಡ್ಡ ರೈಲು ಎಲ್ಲಿಗೂ ಹೋಗದೆ ಇರ್ತದಾ? ನಾಳೆ ತಿರುಗಿ ಇಲ್ಲಿಗೇ ಬಂದ್ರೆ? ಅದು ಬೇರೆ ಕಡೆ ಹೋದದ್ದು ನನ್ನ ಕಣ್ಣಿಗೆ ಕಾಣಬೇಕು. ಇಲ್ಲದಿದ್ರೆ ಇದೇ ಜಾಗದಲ್ಲಿ ಗುಳಿಗ ಭೂತದ ಕಲ್ಲು ಹಾಕಿಸ್ತೇನೆ. ಆಮೇಲೆ ರೈಲಾಗ್ಲಿ ನೀರಾಗ್ಲಿ, ದಾಟುದು ನೋಡುವ."

ಮನೆಗೆ ಬಂದು ಹೇಳಿದಾಗ ಸೇವಂತಿ ಒಲೆಯ ಮುಂದಿನಿಂದ ಎದ್ದಳು. "ಬೇರೆ ಕಡೆ ಕಾಣಬೇಕಲ್ವಾ? ನಮ್ಮ ಅಂಗಳದಲ್ಲಿ ಕಾಣಲಿ. ನಮ್ಮ ಬೇಲಿಯಿಂದ ನಮ್ಮ ಹಟ್ಟಿಗೆ, ಹಟ್ಟಿಯಿಂದ ಜಗಲಿಗೆ, ಜಗಲಿಯಿಂದ ಹಿತ್ತಿಲಿಗೆ ಬಳಿದುಬಿಡಿ. ಬಾರದ ರೈಲು ಎಲ್ಲಿ ಹೋದ್ರೆ ನಮಗೆಂತ? ನನಗೆ ನೀರು ಬೇಕು."

ಮಾರನೆಯ ಬೆಳಿಗ್ಗೆ ಮೂರೂ ಮನೆಯವರ ಎದುರಿನಲ್ಲಿ ರೈಲು ದಾರಿ ಬದಲಾಯಿಸಿತು. ಕುಕ್ಕಪ್ಪ ಕೋಟು ಹಾಕಿ, ಒಂದು ಕೈಯಲ್ಲಿ ಸುಣ್ಣ, ಇನ್ನೊಂದರಲ್ಲಿ ಬಣ್ಣ ಹಿಡಿದು ಮುಂದೆ ನಡೆದ. ರಾಯರು ಹಿಂದಿನಿಂದ ಅಲ್ಲಲ್ಲಿ ನಿಂತು, ಏನೂ ಇಲ್ಲದ ಕಡೆ ನೋಡಿ, "ಸರಿ, ಸರಿ" ಎನ್ನುತ್ತಿದ್ದರು. ಬೇಲಿಗೂಟಕ್ಕೆ ಒಂದು, ಹಟ್ಟಿಯ ಕಂಬಕ್ಕೆ ಒಂದು, ಬಾವಿಕಟ್ಟೆಗೆ ಒಂದು. ಹೋದ ಹಾಗೆ ಬಣ್ಣ ಗಟ್ಟಿಯಾಯಿತೆಂದು ಅವನು ಅದಕ್ಕೆ ಹಟ್ಟಿಯ ದೀಪದಿಂದಲೇ ಸ್ವಲ್ಪ ಸೀಮೆಎಣ್ಣೆ ಹೊಯ್ದ. ಕೈ ತಪ್ಪಿ ದೀಪದ ಮಸಿಯೂ ಅಷ್ಟು ಬಿತ್ತು. ಜಗಲಿಯ ಕಂಬಕ್ಕೆ ಗೆರೆ ಎಳೆದವನು ನಿಂತೇಬಿಟ್ಟ.

ಬಿಸಿಲು ಓರೆಯಾಗಿ ಬೀಳುತ್ತಿತ್ತು. ಕಂಬದ ಮೇಲೆ ಇದ್ದದ್ದು ಅದೇ ಕೆಂಪು. ಮಂಗಳೂರಿನ ಕೆಂಪು.

"ಸೇವಂತೀ! ಸಿಕ್ಕಿತು!" ಎಂದು ಕೂಗಿದ.

ನೆರೆದವರೆಲ್ಲ ಬೆಚ್ಚಿದರು. ಕುಕ್ಕಪ್ಪ ಸುಣ್ಣದ ಗೆರಟೆಯನ್ನು ರಾಯರ ಕೈಗೆ ಕೊಟ್ಟು ಒಳಗೆ ಓಡಿದ. ಬಣ್ಣ ಆರಿ ಹೋಗುವ ಮೊದಲು ಎರಡು ಬೋಗಿಗಳಿಗೆ ಬಳಿಯಬೇಕಿತ್ತು. ಹೊರಗೆ ಜನ ಕಾದರು. ಕೊನೆಗೆ ರಾಯರು ಗಂಭೀರವಾಗಿ, "ಒಳಗೆ ಸ್ಟೇಷನ್ನಿನ ಜಾಗ ನಿಶ್ಚಯವಾಗಿರಬೇಕು" ಎಂದರು.

ದುಗ್ಗಮ್ಮ ತೃಪ್ತಿಯಿಂದ ಹೋಗಿ ಕಲ್ಲು ತೆಗೆಸಿದಳು. ನೀರು ಬಂತು. ಸೇವಂತಿ ಗದ್ದೆಯ ಅಂಚಿನ ಹುಣಿಯ ಮೇಲೆ ನಿಂತು ಅದು ಬರುವುದನ್ನು ನೋಡಿದಳು. ಬಳ್ಳಿಗಳು ಎರಡು ದಿನದಲ್ಲಿ ತಲೆಯೆತ್ತಿದವು.

ಚನಿಯಪ್ಪ ಮಾತ್ರ, "ಏ ಕುಕ್ಕ, ಸ್ಟೇಷನ್ ನೀನೇ ನುಂಗಿದೆಯಲ್ಲ! ನನ್ನ ಗೊನೆ ತಿರುಗಿ ಕೊಡು" ಎಂದು ಬಂದ. ಗೊನೆಯಲ್ಲಿ ದಂಟು ಮಾತ್ರ ಉಳಿದಿತ್ತು. ಅದನ್ನೇ ತೆಗೆದುಕೊಂಡು ಹೋದ.

ಸುದ್ದಿ ಐವರ್ನಾಡಿಗೆ ಹೋಗಿ, ಅಲ್ಲಿಂದ ಕುಕ್ಕಪ್ಪನ ಅಣ್ಣ ಮೇದಪ್ಪನನ್ನು ಕರೆದುಕೊಂಡು ಬಂತು. ಜೊತೆಗೆ ಅತ್ತಿಗೆ ಶೀಲಾವತಿ, ಎರಡು ಚಾಪೆ, ಒಂದು ಟ್ರಂಕು. ಆಸ್ತಿ ಪಾಲಾದ ಮೇಲೆ ಒಮ್ಮೆಯೂ ಈ ಕಡೆ ತಲೆಹಾಕದ ಅಣ್ಣ ಜಗಲಿಯಲ್ಲಿ ಕುಳಿತು, ಎರಡು ಲೋಟ ಮಜ್ಜಿಗೆ ಕುಡಿದು ಗಂಟಲು ಸರಿ ಮಾಡಿಕೊಂಡ.

"ತಮ್ಮಾ, ಅಪ್ಪ ಹೋದ ಮೇಲೆ ಐವರ್ನಾಡಿಂದು ನನಗೆ, ಇಲ್ಲಿಂದು ನಿನಗೆ ಅಂತ ಆದದ್ದು ಹೌದು. ಆದ್ರೆ ಆವಾಗ ರೈಲು ಯಾರ ಪಾಲಿಗೂ ಬರ್ಲಿಲ್ಲ. ಬಂತಾ?"

"ಇಲ್ಲ ಅಣ್ಣ."

"ಅಂದ್ರೆ ರೈಲು ಪಾಲಾಗದ ಆಸ್ತಿ. ನನಗೂ ಹಕ್ಕುಂಟು."

"ಅಣ್ಣ, ರೈಲೇ ಇಲ್ಲ!"

"ಪಾಲು ಕೇಳಿದಾಗ ಎಲ್ಲರೂ ಹೇಳುದು ಹಾಗೇ. ನನಗೆ ದುಡ್ಡು ಬೇಡ ಮಾರಾಯ. ಜಾಗ ಹೋದ ಮನೆಗೆ ಒಂದು ಕೆಲಸ ಕೊಡ್ತಾರಂತೆ. ಹಿರಿಯವ ನಾನು. ಸ್ಟೇಷನ್ ಮಾಸ್ಟ್ರು ನಾನಾಗ್ತೇನೆ."

"ಅದಕ್ಕೆ ಓದಿರಬೇಕಲ್ವಾ?"

"ಬಾವುಟ ತೋರಿಸ್ಲಿಕ್ಕೆ ಎಂತ ಓದುದು?"

ಮೇದಪ್ಪ ಅಂದಿನಿಂದಲೇ ಅಭ್ಯಾಸ ಶುರು ಮಾಡಿದ. ಕೆಂಪಿಗೆ ಹೆಗಲ ಮೇಲಿನ ಬೈರಾಸು, ಹಸಿರಿಗೆ ಬಾಳೆ ಎಲೆಯ ಕೀತು. ಹಸಿರು ತೋರಿಸಿದ ಕೂಡಲೇ ದುಗ್ಗಮ್ಮನ ಎಮ್ಮೆಗಳು ಬಂದು ನಿಂತವು, ಬಾವುಟವನ್ನು ತಿಂದು ಹೋದವು. ಕೆಂಪಿಗೆ ಯಾರೂ ನಿಲ್ಲಲಿಲ್ಲ. ಅಭ್ಯಾಸದ ನಡುವೆ ಹಸಿವಾಗುತ್ತಿತ್ತು. ಬೆಳಿಗ್ಗೆ ಎಳೆ ಸೌತೆಯ ದೋಸೆ, ಮಧ್ಯಾಹ್ನ ಸೌತೆಯ ಹುಳಿ, ಸಂಜೆ ಶೀಲಾವತಿ ಗದ್ದೆಗೆ ಇಳಿದು ಉಪ್ಪು ಹಚ್ಚಿಕೊಂಡು ತಿನ್ನುವುದು ಬೇರೆ. "ನಿಮ್ಮ ಗದ್ದೆಯ ಸೌತೆಗೆ ರುಚಿ ಉಂಟು ಸೇವಂತಿ" ಎಂದಳು ಅವಳು.

"ಉಂಟಕ್ಕಾ. ನೀರಿಂದು" ಎಂದಳು ಸೇವಂತಿ.

ಆ ಮಳೆಗಾಲದಲ್ಲಿ ಅಟ್ಟದಿಂದ ತೂಗುತ್ತಿದ್ದದ್ದು ಬರೀ ಬಾಳೆನಾರು. ಗದ್ದೆಯ ಕೊನೆಯ ಸೌತೆ ಮುಗಿದ ದಿನ ಮೇದಪ್ಪನಿಗೆ ಐವರ್ನಾಡಿನ ನೆನಪಾಯಿತು. "ಆರ್ಡರು ಬಂದ್ರೆ ತಿಳಿಸು" ಎಂದು ಹೇಳಿ, ಟ್ರಂಕು ಎತ್ತಿ ಹೊರಟ.

ಮಳೆ ಹೋದ ಮೇಲೆ ನಿಜವಾದ ಸುದ್ದಿ ಬಂತು. ರೈಲು ಈ ಕಡೆಗೇ ಇಲ್ಲ. ನೆಟ್ಟಣದ ಮೇಲೆ, ಬೈಲಿನಿಂದ ಗುಡ್ಡೆಗಳಾಚೆ ಹೋಗುತ್ತದೆ. ಗುರುತೂ ಹಾಕಿ ಆಯಿತು. ಕೇಳಿದ ಕುಕ್ಕಪ್ಪನಿಗೆ ಒಂದು ಹೊರೆ ಇಳಿದ ಹಾಗಾಯಿತು. ಇನ್ನು ಯಾರೂ ಏನೂ ಹೇಳುವ ಹಾಗಿಲ್ಲವಲ್ಲ! ಅವನು ನಿಶ್ಚಿಂತನಾಗಿ ಗೂಡ್ಸ್ ಡಬ್ಬಿಗೆ ಬಣ್ಣ ಬಳಿಯಲು ಕುಳಿತ. ಸೇವಂತಿ ಮತ್ತೆ ಸೌತೆ ಬೀಜ ಹಾಕಿದಳು. ಬಳ್ಳಿ ಹೂ ಬಿಡುವ ಹೊತ್ತಿಗೆ ಕಣಿಯ ನೀರು ನಿಂತಿತು.

ದುಗ್ಗಮ್ಮ ಕಣಿಯ ಬಾಯಿಯ ಕಲ್ಲಿನ ಮೇಲೆ ಕುಳಿತಿದ್ದಳು.

"ಅಕ್ಕ, ಈಗ ಎಂತ ಆಯ್ತು? ರೈಲು ಹೋಯ್ತಲ್ಲ!"

"ಹೋಯ್ತು. ನಾನು ಎಂತ ಹೇಳಿದ್ದು? ನನ್ನ ಹಟ್ಟಿಯಿಂದ ಆಚೆ ದೂಡು ಅಂತ. ನೀನು ನೆಟ್ಟಣಕ್ಕೆ ದೂಡಿದೆ! ಅಷ್ಟು ಜೋರಾಗಿ ಯಾರಾದ್ರೂ ದೂಡುದುಂಟಾ?"

"ನಾನು ದೂಡಿದ್ದಲ್ಲ ಅಕ್ಕ..."

"ಮತ್ತೆ ನಾನಾ? ನಿನ್ನ ಅಂಗಳಕ್ಕೆ ಬಂದ್ರೆ ಅರಸೀಕೆರೆಯಲ್ಲಿರುವ ಮಗಳ ಮನೆಗೆ ಹೋಗ್ಲಿಕ್ಕೆ ಸುಲಭ ಆಯ್ತು ಅಂತ ಮಾಡಿದ್ದೆ. ಇನ್ನು ಈ ಮಂಡಿನೋವಿನಲ್ಲಿ ಗುಡ್ಡೆ ಹತ್ತಿ ಇಳಿದು ನೆಟ್ಟಣಕ್ಕೆ ಹೋಗಬೇಕಾ? ತಿರುಗಿ ಎಳೆದು ತಾ. ಹಟ್ಟಿ ಹತ್ತಿರ ಬೇಡ, ಎರಡು ಗದ್ದೆ ಆಚೆ ಇರ್ಲಿ. ಕೂಗು ಕೇಳಿದ್ರೆ ಸಾಕು. ಅಲ್ಲಿವರೆಗೆ ಕಣಿ ಬಂದ್."

ಕುಕ್ಕಪ್ಪ ಬಾಡಿದ ಬಳ್ಳಿಗಳನ್ನು ನೋಡಿದ. ಹುಣಿಯ ಮೇಲೆ ಕೊಡ ಹಿಡಿದು ನಿಂತ ಸೇವಂತಿಯನ್ನು ನೋಡಿದ. ಒಂದು ವರ್ಷ ನಿಜ ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಕೋಟಿನ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಹಾಕಿಕೊಂಡ.

"ಎಳೆಯಬಹುದಿತ್ತು ಅಕ್ಕ" ಎಂದ. "ಆದ್ರೆ ರೈಲಿನ ಎಂಜಿನ್ ನೀರು ಕುಡಿಯುವ ಜಾತಿ. ಒಂದೊಂದು ಸಲಕ್ಕೆ ಒಂದು ಕೆರೆ ಕುಡೀತದೆ. ಎಲ್ಲಿ ನೀರುಂಟು ಅಂತ ನೋಡಿಯೇ ಅವರು ಜಾಗ ಮಾಡುದು. ಇಲ್ಲಿ ಕಣಿ 'ಬಂದ್' ಅಂತ ಕಂಡ್ರೆ ಯಾರು ಬರ್ತಾರೆ?"

ದುಗ್ಗಮ್ಮ ಕುಳಿತ ಕಲ್ಲಿನಿಂದ ತಟ್ಟನೆ ಎದ್ದಳು. "ಇದನ್ನು ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿನ್ನ ಬಾಯಿಗೆ?"

ಕಲ್ಲು ಹೋಯಿತು, ಮಣ್ಣು ಹೋಯಿತು. ಬದಿಯ ಗದ್ದೆಗಳಿಗೆ ತಿರುಗುತ್ತಿದ್ದ ಕಣಿಗಳನ್ನೂ ಕಟ್ಟಿಸಿ, ಹೊಳೆಯ ನೀರನ್ನೆಲ್ಲ ಅವಳು ಈ ಕಡೆಗೇ ಬಿಟ್ಟಳು. ಮಧ್ಯಾಹ್ನದೊಳಗೆ ಸೌತೆಯ ಗದ್ದೆ ತುಂಬಿತು. ಸಂಜೆಗೆ ಹೂಗಳು ತೇಲತೊಡಗಿದವು. ಕುಕ್ಕಪ್ಪ ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ಎರಡೂ ಕೈ ಮೇಲೆತ್ತಿ ಕೂಗಿದ.

"ಸಾಕು ದುಗ್ಗಮ್ಮಕ್ಕಾ! ಸಾಕು! ಗದ್ದೆ ಕೊಳೀತದೆ!"

ಕಣಿಯ ಬಾಯಿಯಿಂದ ಉತ್ತರ ಬಂತು:

"ನೀನು ಸುಮ್ನಿರು ಮಾರಾಯ! ನಾನು ಬಿಡುದು ನಿನಗಲ್ಲ, ಎಂಜಿನಿಗೆ!"